ಅಪ್‌ಡೇಟ್: ಭಿನ್ನರಾಶಿ ಕೂಡುವ ಲೆಕ್ಕ ಕೊನೆಗೂ ಹಿಡಿತಕ್ಕೆ ಬಂತು

ಮಗಳು 1/2 + 1/3 = 2/5 ಎಂದು ಬರೆಯುತ್ತಾಳೆ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಡುತ್ತಾಳೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಫಲಿಸಿದ್ದು 12 ಸೆಂಟಿಮೀಟರ್ ಕಾಗದದ ಪಟ್ಟಿಯ ಸಲಹೆ. ಅರ್ಧ ಎಂದರೆ 6 ಸೆಂ.ಮೀ., ಮೂರನೇ ಒಂದು ಭಾಗ 4 ಸೆಂ.ಮೀ. ಎರಡನ್ನೂ ಕತ್ತರಿಸಿ ಒತ್ತಿಗೆ ಇಟ್ಟರೆ 10 ಸೆಂ.ಮೀ., ಅಂದರೆ 10/12, ಸಂಕ್ಷೇಪಿಸಿದರೆ 5/6. ಆಮೇಲೆ ಅವಳ 2/5 ಅನ್ನು ಅದೇ ಪಟ್ಟಿಯ ಮೇಲೆ ಗುರುತಿಸಲು ಹೇಳಿದೆ. 4.8 ಸೆಂ.ಮೀ. ಬಂತು! "ಅಮ್ಮಾ, ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತಲ್ಲ?" ಎಂದು ತಾನೇ ಹುಬ್ಬೇರಿಸಿದಳು.

ಚಪಾತಿ ಕತ್ತರಿಸುವ ಉಪಾಯ ನಡೆಯಲಿಲ್ಲ. ಚಪಾತಿಯನ್ನು ಸರಿಯಾಗಿ ಮೂರು ಪಾಲು ಮಾಡುವುದು ನನ್ನಿಂದಲೇ ಆಗಲಿಲ್ಲ. ಅಡ್ಡ ಗುಣಾಕಾರ ಚಿಕ್ಕ ಲೆಕ್ಕಕ್ಕೆ ಸಾಕು, ಆದರೆ 5/12 + 7/18 ಬಂದಾಗ ಛೇದ 216ಕ್ಕೆ ಏರಿ ಅವಳು ಪೆನ್ಸಿಲ್ ಎಸೆದಳು. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 36 ಹಿಡಿದರೆ 15/36 + 14/36, ಎರಡೇ ಸಾಲಿನಲ್ಲಿ 29/36.

ನನಗೇ ಅಚ್ಚರಿ ತಂದದ್ದು ಬೇರೆ. ಭಿನ್ನರಾಶಿಗಳಿಗೆ ಲ.ಸಾ.ಅ. ಬಳಸುವ ಕ್ರಮವನ್ನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾರಂತೆ. ಮಗಳಿಗೆ ಹೇಳಿದರೆ, "ಹಾಗಾದರೆ ಈ ಕಾಟ ಅವರಿಂದಲೇ ಬಂದದ್ದು" ಎಂದಳು.

ಭಾಗಾಕಾರಕ್ಕೂ ಅದೇ ಪಟ್ಟಿ ಸಾಕಾಯಿತು: 1/2 ÷ 1/4 ಎಂದರೆ 6 ಸೆಂ.ಮೀ.ಯಲ್ಲಿ 3 ಸೆಂ.ಮೀ. ತುಂಡುಗಳು ಎಷ್ಟು ಎಂದಷ್ಟೇ. ಐದನೇ, ಏಳನೇ ಭಾಗಗಳು ಬಂದರೆ ಮಾತ್ರ ಪಟ್ಟಿಯ ಉದ್ದ ಬದಲಿಸಿಕೊಳ್ಳಿ. 1/5 + 1/7ಕ್ಕೆ ನಾವು 35 ಸೆಂ.ಮೀ. ತೆಗೆದುಕೊಂಡೆವು.