ಹಳೆಯ ಸ್ಪೀಕರಿನ ಕ್ರಾಸ್‌ಓವರ್: ಯಾವುದನ್ನು ಬದಲಿಸಲಿ, ಯಾವುದನ್ನು ಬಿಡಲಿ?

ಪ್ರಶ್ನೆ:
ನನ್ನ ಬಳಿ 1970ರ ದಶಕದ ಜೋಡಿ ಸ್ಪೀಕರ್‌ಗಳಿವೆ. ಬಲಗಡೆಯದರಲ್ಲಿ ಕಂಚಿನ ತಾಳದ ದನಿ ಮಂಕಾಗಿದೆ. ಆಂಪ್ಲಿಫೈಯರಿನ ತಂತಿಗಳನ್ನು ಅದಲುಬದಲು ಮಾಡಿದರೂ ದೋಷ ಅದೇ ಪೆಟ್ಟಿಗೆಯಲ್ಲಿ ಉಳಿಯಿತು. ಒಳಗಿನ ಕ್ರಾಸ್‌ಓವರ್‌ನಲ್ಲಿ, ಅಂದರೆ ಮೇಲಿನ ಮತ್ತು ಕೆಳಗಿನ ಸ್ವರಗಳನ್ನು ಬೇರ್ಪಡಿಸುವ ಸರ್ಕ್ಯೂಟಿನಲ್ಲಿ, 4.7 ಮತ್ತು 22 ಮೈಕ್ರೊಫ್ಯಾರಡ್‌ನ ಎರಡು ನಾನ್‌ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಎಲೆಕ್ಟ್ರೊಲೈಟಿಕ್ ಕೆಪಾಸಿಟರ್, ಕಬ್ಬಿಣದ ತಿರುಳಿನ ಕಾಯಿಲ್, ಟ್ವೀಟರಿನ (ಮೇಲಿನ ಸ್ವರಗಳ ಚಿಕ್ಕ ಸ್ಪೀಕರಿನ) ಮಟ್ಟ ಹೊಂದಿಸುವ ತಿರುಗುಗುಂಡಿ ಇವೆ. ಎಲ್ಲವನ್ನೂ ಕಿತ್ತು ಫಿಲ್ಮ್ (ಪ್ಲಾಸ್ಟಿಕ್ ಪೊರೆಯ) ಕೆಪಾಸಿಟರ್, ದಪ್ಪ ತಂತಿಯ ಕಾಯಿಲ್ ಹಾಕಲೇ?

ಉತ್ತರ 1:
ಮೊದಲು ಆ ಗುಂಡಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಈ ತುದಿಯಿಂದ ಆ ತುದಿಗೆ ಚೆನ್ನಾಗಿ ತಿರುಗಿಸಿ. ಒಳಗಿನ ತಂತಿ ಕಿಲುಬು ಹಿಡಿದರೂ ಹೀಗೇ ಆಗುತ್ತದೆ. ಟ್ವೀಟರನ್ನು ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್‌ನದು ಸುಮಾರು 6 ತೋರಿಸಬೇಕು.

ಉತ್ತರ 2:
ಟ್ವೀಟರ್, ಗುಂಡಿ ಎರಡೂ ಸರಿಯಿದ್ದರೆ ನನ್ನ ಅನುಮಾನ 4.7ರ ಮೇಲೆ. ಎಲೆಕ್ಟ್ರೊಲೈಟಿಕ್‌ನ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ, ಆಂತರಿಕ ರೋಧ ಏರುತ್ತದೆ. ಟ್ವೀಟರಿಗೆ ಸೇರಬೇಕಾದ ಶಕ್ತಿಯಲ್ಲಿ ಒಂದು ಪಾಲು ಅಲ್ಲೇ ಶಾಖವಾಗಿ ಹೋಗುತ್ತದೆ. ಆದ್ದರಿಂದ ಮೈಕ್ರೊಫ್ಯಾರಡ್ ಜೊತೆಗೆ ಇಎಸ್‌ಆರ್, ಅಂದರೆ ಈ ಆಂತರಿಕ ರೋಧವನ್ನು ಕೂಡ ಅಳೆಯಿರಿ. ಒಂದು ಕಾಲಿನ ಬೆಸುಗೆ ಬಿಡಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಸರ್ಕ್ಯೂಟಿನ ಉಳಿದ ಭಾಗಗಳೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ.

ಕಾಯಿಲನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಸುತ್ತು ಸಡಿಲವಾಗದ, ಸುಡದ ಕಾಯಿಲ್ ಕೆಡುವುದು ಅಪರೂಪ. ಆ ತೆಳು ತಂತಿಯ ರೋಧವನ್ನೂ ಲೆಕ್ಕಕ್ಕೆ ಹಿಡಿದೇ ವೂಫರಿನ (ಕೆಳಗಿನ ಸ್ವರಗಳ ದೊಡ್ಡ ಸ್ಪೀಕರಿನ) ದನಿಯನ್ನು ಹದಗೊಳಿಸಿರುತ್ತಾರೆ. ದಪ್ಪ ತಂತಿ ಹಾಕಿದರೆ ನೀವು ಮೆಚ್ಚಿ ಇಟ್ಟುಕೊಂಡ ಸ್ಪೀಕರೇ ಬೇರೆಯಾಗುತ್ತದೆ.

4.7ರ ಜಾಗಕ್ಕೆ ಪಾಲಿಪ್ರೊಪಿಲೀನ್ ಫಿಲ್ಮ್ ಒಳ್ಳೆಯದು, ಅದರಲ್ಲಿ ಒಣಗುವ ದ್ರವವೇ ಇಲ್ಲ. ಆದರೆ ಹಳೆಯದಕ್ಕೆ ಹೊಸದರಲ್ಲೂ ಸ್ವಲ್ಪ ರೋಧವಿತ್ತು, ಫಿಲ್ಮ್‌ಗೆ ಅದು ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಸ್ವರಗಳು ಕಿವಿಗೆ ಚುಚ್ಚಿದರೆ ಸರಣಿಯಲ್ಲಿ 0.47 ಓಮ್ ರೋಧಕ ಸೇರಿಸಿ ಕೇಳಿ. ವೂಫರಿಗೆ ಅಡ್ಡಲಾಗಿರುವ 22ಕ್ಕೆ ಹೊಸ ನಾನ್‌ಪೋಲಾರ್ ಸಾಕು. ಎರಡೂ ಪೆಟ್ಟಿಗೆಗಳಲ್ಲಿ ಒಟ್ಟಿಗೇ ಬದಲಿಸಿ.

ಪ್ರಶ್ನೆ ಕೇಳಿದವರು:
ಗುಂಡಿ, ಟ್ವೀಟರ್ ಸರಿಯಾಗಿವೆ. ಬಲದ 4.7ರ ಮೇಲೆ ಮೀಟರ್ 6.2 ತೋರಿಸುತ್ತಿದೆ, ಇಎಸ್‌ಆರ್ 3 ಓಮ್. ಒಣಗಿದರೆ ಕಡಿಮೆಯಾಗಬೇಕಲ್ಲವೇ? ಫಿಲ್ಮ್ ಬರುವವರೆಗೆ ಸಾಮಾನ್ಯ ಪೋಲಾರ್ ಹಾಕಬಹುದೇ?

ಉತ್ತರ 2:
ವಿದ್ಯುತ್ ಸೋರಿಕೆ ಹೆಚ್ಚಾದ ಕೆಪಾಸಿಟರನ್ನು ಎಷ್ಟೋ ಮೀಟರ್‌ಗಳು ದೊಡ್ಡದೆಂದೇ ಓದುತ್ತವೆ. 3 ಓಮ್ ನೋಡಿದ ಮೇಲೆ ಸಂಶಯ ಬೇಡ, ತೆಗೆಯಿರಿ. ಪೋಲಾರ್ ಒಂಟಿಯಾಗಿ ಬೇಡವೇ ಬೇಡ, ಇಲ್ಲಿ ಹರಿಯುವುದು ದಿಕ್ಕು ಬದಲಿಸುವ ವಿದ್ಯುತ್. 10 ಮೈಕ್ರೊಫ್ಯಾರಡ್‌ನ ಎರಡನ್ನು ಮೈನಸ್‌ಗೆ ಮೈನಸ್ ಸೇರಿಸಿದರೆ 5 ಸಿಗುತ್ತದೆ, ತಾತ್ಕಾಲಿಕವಾಗಿ ನಡೆಯುತ್ತದೆ.

ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಟ್ವೀಟರಿನ ಪ್ಲಸ್ ಮೈನಸ್ ತಿರುಗುಮುರುಗಾಗಿ ಕಂಡರೆ ಹಾಗೆಯೇ ಬಿಡಿ, ಎಷ್ಟೋ ವಿನ್ಯಾಸಗಳಲ್ಲಿ ಬೇಕೆಂದೇ ಹಾಗೆ ಜೋಡಿಸಿರುತ್ತಾರೆ. ಫಿಲ್ಮ್ ಗಾತ್ರದಲ್ಲಿ ದೊಡ್ಡದು, ಕಾಲುಗಳ ಮೇಲೆ ಜೋತಾಡದಂತೆ ಹಲಗೆಗೆ ಬಿಗಿಯಾಗಿ ಕಟ್ಟಿ.