ಹಳ್ಳಿ ಶಾಲೆಯ ಗಣಿತ ಟೀಚರ್ ಆಗಲು ಸ್ಕಾಲರ್‌ಶಿಪ್: ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ:
ಮೇಡಂ, ನಮಸ್ಕಾರ. ನಾವು ಅಮೆರಿಕಕ್ಕೆ ಬಂದು ಹದಿನೆಂಟು ವರ್ಷವಾಯಿತು, ಮನೆಯಲ್ಲಿ ಎಲ್ಲರಿಗೂ ಗ್ರೀನ್ ಕಾರ್ಡ್ ಇದೆ. ಮಗಳು ಅಯೋವಾದ ಕಾಲೇಜೊಂದರಲ್ಲಿ ಗಣಿತ ಮೇಜರ್, ಎರಡನೇ ವರ್ಷ ಮುಗಿಯುತ್ತಾ ಬಂತು. ಹೈಸ್ಕೂಲ್ ಟೀಚರ್ರೇ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ಕಾಲೇಜಿನವರು ನಾಯ್ಸ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕು ಎಂದಿದ್ದಾರೆ. ಹಣವೇನೋ ಚೆನ್ನಾಗಿದೆ. ಆದರೆ ಆಮೇಲೆ ಅವರು ಹೇಳಿದ ಕಡೆ ಹೋಗಿ ಪಾಠ ಮಾಡಬೇಕು, ಇಲ್ಲದಿದ್ದರೆ ಅಷ್ಟೂ ಸಾಲವಾಗುತ್ತದೆ ಎನ್ನುತ್ತಾರೆ. ನಮ್ಮ ಯಜಮಾನರಿಗೆ ಇದು ಬಾಂಡ್ ಬರೆಸಿಕೊಂಡ ಹಾಗೆ ಕಾಣುತ್ತಿದೆ. ಟೀಚ್ ಗ್ರ್ಯಾಂಟ್ ಅಂತ ಇನ್ನೊಂದೂ ಇದೆಯಂತೆ. ಎರಡರಲ್ಲಿ ಯಾವುದು ವಾಸಿ? ಮೆಕ್ಕೆಜೋಳದ ಹೊಲಗಳ ನಡುವಿನ ಸಣ್ಣ ಊರಿನಲ್ಲಿ ಹುಡುಗಿ ಒಬ್ಬಳೇ ಹೇಗಿರುತ್ತಾಳೆ? ನೀವು ಅದೇ ದಾರಿಯಲ್ಲಿ ಬಂದವರು ಅಂತ ಗ್ರೂಪಿನಲ್ಲಿ ಯಾರೋ ಹೇಳಿದರು.

ಉತ್ತರ:
ನಮಸ್ಕಾರ. ಹೌದು, ನಾಯ್ಸ್ ಹಣದಲ್ಲೇ ಓದಿದವಳು ನಾನು. ಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಆರು ವರ್ಷ ಗಣಿತ, ಭೌತಶಾಸ್ತ್ರ ಕಲಿಸಿದೆ. ಈಗ ಟೀಚರ್ ತರಬೇತಿ ವಿಭಾಗದಲ್ಲಿ ಇಂಥ ಸ್ಕಾಲರ್‌ಶಿಪ್ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಬಿಡುತ್ತೇನೆ. "ಅವರು ಹೇಳಿದ ಕಡೆ" ಹೋಗಬೇಕಾಗಿಲ್ಲ. ಇಲ್ಲಿ ಪೋಸ್ಟಿಂಗ್ ಆರ್ಡರ್ ಅನ್ನುವುದೇ ಇಲ್ಲ. ಕೆಲಸ ಹುಡುಕಿಕೊಳ್ಳುವವಳು ನಿಮ್ಮ ಮಗಳೇ. ಷರತ್ತು ಇಷ್ಟೇ, ಆ ಶಾಲಾ ಡಿಸ್ಟ್ರಿಕ್ಟ್ "ಹೈ ನೀಡ್" ಪಟ್ಟಿಗೆ ಸೇರಿರಬೇಕು. ಬಡತನ ಹೆಚ್ಚಿರುವುದು, ಟೀಚರ್‌ಗಳು ಪದೇ ಪದೇ ಬಿಟ್ಟು ಹೋಗುವುದು, ತಾವು ಓದದ ವಿಷಯವನ್ನು ಕಲಿಸುತ್ತಿರುವವರು ಜಾಸ್ತಿ ಇರುವುದು, ಇವುಗಳಲ್ಲಿ ಒಂದಿದ್ದರೂ ಸಾಕು. ದೊಡ್ಡ ನಗರಗಳ ಶಾಲೆಗಳೂ ಇದರಲ್ಲಿ ಬರುತ್ತವೆ. ಹಳ್ಳಿ ಕಡೆಯವು ಹೆಚ್ಚಾಗಿ ಬರುವುದು ಮೂರನೆಯ ಕಾರಣಕ್ಕೆ. ಇಡೀ ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಒಬ್ಬರೇ ಇದ್ದರೆ ಜೀವಶಾಸ್ತ್ರ ಓದಿದವರೇ ಕೆಮಿಸ್ಟ್ರಿಯನ್ನೂ ಫಿಸಿಕ್ಸನ್ನೂ ಎಳೆಯಬೇಕಾಗುತ್ತದೆ.

ನಾಯ್ಸ್ ಹಣ ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್ (ಎನ್‌ಎಸ್‌ಎಫ್) ಸಂಸ್ಥೆಯದು. 2002ರ ಕಾನೂನಿನಿಂದ ಬಂದದ್ದು. ಅವರು ಕೊಡುವುದು ಕಾಲೇಜಿಗೆ, ಮಕ್ಕಳನ್ನು ಆರಿಸುವುದು ಕಾಲೇಜು. ವರ್ಷಕ್ಕೆ ಕಡಿಮೆಯೆಂದರೆ 10,000 ಡಾಲರ್. ಒಂದು ವರ್ಷ ಹಣ ತೆಗೆದುಕೊಂಡರೆ ಎರಡು ವರ್ಷ ಪಾಠ ಮಾಡಬೇಕು. ನಿಮ್ಮ ಮಗಳು ಮೂರನೇ, ನಾಲ್ಕನೇ ವರ್ಷಕ್ಕೆ ತೆಗೆದುಕೊಂಡರೆ ನಾಲ್ಕು ವರ್ಷದ ಋಣ. ಅದನ್ನು ಡಿಗ್ರಿ ಮುಗಿದ ಎಂಟು ವರ್ಷದೊಳಗೆ ತೀರಿಸಬೇಕು. ಮದುವೆ, ಮಗು, ಊರು ಬದಲಾವಣೆ ಎಲ್ಲ ಬಂದರೂ ಎಂಟು ವರ್ಷದಲ್ಲಿ ನಾಲ್ಕು ಅಂದರೆ ಉಸಿರಾಡಲು ಜಾಗ ಇದೆ.

ಟೀಚ್ ಗ್ರ್ಯಾಂಟ್ ಬೇರೆ. ಅದು ಫೆಡರಲ್ ಶಿಕ್ಷಣ ಇಲಾಖೆಯದು, 2007ರ ಕಾಯಿದೆಯಿಂದ ಹುಟ್ಟಿದ್ದು. ಕಾಗದದ ಮೇಲೆ ವರ್ಷಕ್ಕೆ 4,000 ಡಾಲರ್, ಬಜೆಟ್ ಕಡಿತದಿಂದಾಗಿ ಈಚಿನ ವರ್ಷಗಳಲ್ಲಿ ಕೈಗೆ ಸಿಕ್ಕಿರುವುದು 3,772. ಇದರಲ್ಲಿ ಒಂದು ವರ್ಷ ತೆಗೆದುಕೊಂಡರೂ ನಾಲ್ಕು ವರ್ಷ ತೆಗೆದುಕೊಂಡರೂ ಋಣ ಒಂದೇ: ನಾಲ್ಕು ವರ್ಷದ ಪಾಠ. ಹಾಗಾಗಿ "ಈ ವರ್ಷ ಸ್ವಲ್ಪ ಕಡಿಮೆ ಬಿದ್ದಿದೆ, ಒಂದೇ ಸಲ ತೆಗೆದುಕೊಳ್ಳೋಣ" ಅನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ಇನ್ನೊಂದು ವ್ಯತ್ಯಾಸವನ್ನು ನಿಮ್ಮ ಯಜಮಾನರಿಗೆ ದಯವಿಟ್ಟು ಓದಿ ಹೇಳಿ. ನಾಯ್ಸ್‌ನಲ್ಲಿ ಒಂದು ವರ್ಷ ಪೂರೈಸಿದ ಮೇಲೆ ಮಧ್ಯದಲ್ಲಿ ಬಿಟ್ಟರೆ, ಕಲಿಸಿದ ವರ್ಷಗಳ ಪಾಲು ಕಳೆದು ಉಳಿದದ್ದು ಮಾತ್ರ ಸಾಲ. ಟೀಚ್ ಗ್ರ್ಯಾಂಟಿನಲ್ಲಿ ಮೂರು ವರ್ಷ ಕಲಿಸಿ ನಾಲ್ಕನೆಯದು ತಪ್ಪಿದರೂ ಅಷ್ಟೂ ಸಾಲ. ಬಡ್ಡಿಯನ್ನು ಹಣ ಕೈಗೆ ಬಂದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನಾನೂ ಎರಡು ವರ್ಷ ಟೀಚ್ ಗ್ರ್ಯಾಂಟ್ ತೆಗೆದುಕೊಂಡಿದ್ದೆ. ಪ್ರತಿವರ್ಷ ಪ್ರಿನ್ಸಿಪಾಲರ ಸಹಿ ಹಾಕಿಸಿ ಫಾರಂ ಕಳಿಸಬೇಕಿತ್ತು. ಒಂದು ವರ್ಷ ಸಹಿಯ ಪಕ್ಕ ತಾರೀಖು ಬಿಟ್ಟುಹೋಗಿತ್ತು. ಫಾರಂ ವಾಪಸ್ ಬರುವಷ್ಟರಲ್ಲಿ ಗಡುವು ಮುಗಿದು, ಗ್ರ್ಯಾಂಟ್ ಸಾಲವಾಗಿದೆ ಅಂತ ಪತ್ರ ಬಂತು. ನಾನು ಆ ಹೊತ್ತಿಗೆ ಅದೇ ಶಾಲೆಯಲ್ಲಿ, ಅದೇ ಮಕ್ಕಳ ಮುಂದೆ ನಿಂತಿದ್ದೆ. ಸ್ಟಾಫ್ ರೂಮಿನಲ್ಲಿ ಕೂತು ಅತ್ತುಬಿಟ್ಟೆ. ನನ್ನ ಹಾಗೆ ಆದವರು ದೇಶದ ತುಂಬಾ ಇದ್ದರು. 2019ರಲ್ಲಿ ಇಲಾಖೆ ಇಂಥ ಪ್ರಕರಣಗಳನ್ನು ಮತ್ತೆ ಪರಿಶೀಲಿಸಿತು, ನನ್ನದೂ ಸರಿಹೋಯಿತು. 2021ರ ಜುಲೈನಿಂದ ನಿಯಮವೂ ಬದಲಾಗಿದೆ, ಒಂದು ವರ್ಷದ ಫಾರಂ ತಪ್ಪಿತೆಂದು ಸಾಲ ಮಾಡುವುದಿಲ್ಲ. ಆದರೂ ನನ್ನ ವಿದ್ಯಾರ್ಥಿಗಳಿಗೆ ಫಾರಂ ಕಳಿಸುವ ಮುಂಚೆ ಫೋಟೋ ತೆಗೆದಿಡಿ ಅಂತ ಈಗಲೂ ಹೇಳುತ್ತೇನೆ.

ನಿಮ್ಮ ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ: ನಾಯ್ಸ್ ಸಿಗುವುದಾದರೆ ಅದನ್ನೇ ಹಿಡಿಯಲಿ. ಟೀಚ್ ಗ್ರ್ಯಾಂಟ್ ಬೇಡ.

ಇನ್ನು ಸಣ್ಣ ಊರಿನ ಭಯ. ಮೊದಲ ಚಳಿಗಾಲ ಕಷ್ಟ, ಸುಳ್ಳು ಹೇಳುವುದಿಲ್ಲ. ಸಂಜೆ ಐದಕ್ಕೆ ಕತ್ತಲು, ಮಾತಾಡಲು ನಮ್ಮವರು ಯಾರೂ ಇಲ್ಲ. ಆದರೆ ಒಂದು ತರಗತಿಯ ಬಗ್ಗೆ ಹೇಳಬೇಕು. ಘನಫಲ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ಅಲ್ಲಿಯವರೆಗೆ ಬಾಯೇ ಬಿಡದವನು, ತಮ್ಮ ಮನೆಯ ಧಾನ್ಯದ ಬಿನ್ನಿನ (ದುಂಡನೆಯ ಕಣಜದ) ಅಳತೆ ಚೀಟಿಯಲ್ಲಿ ಬರೆದು ತಂದ. ವ್ಯಾಸ 30 ಅಡಿ, ಕಾಳು ನಿಂತಿರುವ ಎತ್ತರ 18 ಅಡಿ. ಸಿಲಿಂಡರಿನ ಸೂತ್ರ ಹಾಕಿದೆವು, ಘನ ಅಡಿಯನ್ನು 0.8ರಿಂದ ಗುಣಿಸಿದರೆ ಬುಶೆಲ್ (ಇಲ್ಲಿ ಧಾನ್ಯ ಅಳೆಯುವ ಮಾನ) ಬರುತ್ತದೆ, 10,000ಕ್ಕೆ ಸ್ವಲ್ಪ ಮೇಲೆ ಬಂತು. "ಆದರೆ ಮಿಸ್, ಕಾಳು ಮೇಲೆ ಮಟ್ಟಸವಾಗಿ ಇರುವುದಿಲ್ಲ, ಗುಡ್ಡೆಯಾಗಿರುತ್ತದೆ" ಎಂದ. ಪುಸ್ತಕದಲ್ಲಿ ಮುಂದಿನ ಪಾಠವೇ ಶಂಕು. ಮೆಕ್ಕೆಜೋಳದ ರಾಶಿ ಸುಮಾರು 23 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಆ ಗುಡ್ಡೆಯಲ್ಲೇ ಇನ್ನೂ 1,200 ಬುಶೆಲ್! ಆ ಲೆಕ್ಕದ ಹಾಳೆಯನ್ನು ಮಡಚಿ ಅಪ್ಪನಿಗೆ ತೋರಿಸಲು ಜೇಬಿಗೆ ಹಾಕಿಕೊಂಡ. ನಾನು ನಾಲ್ಕು ವರ್ಷದ ಋಣ ತೀರಿದ ಮೇಲೂ ಎರಡು ವರ್ಷ ಅಲ್ಲೇ ಉಳಿದದ್ದು ಇಂಥ ದಿನಗಳಿಗಾಗಿ.

ಈ ಸ್ಕಾಲರ್‌ಶಿಪ್ಪಿಗೆ ಹೆಸರು ಕೊಟ್ಟ ರಾಬರ್ಟ್ ನಾಯ್ಸ್ ಕೂಡ ನಿಮ್ಮ ಅಯೋವಾದವರೇ. 1927ರಲ್ಲಿ ಬರ್ಲಿಂಗ್‌ಟನ್‌ನಲ್ಲಿ ಹುಟ್ಟಿ, ಗ್ರಿನೆಲ್ ಎಂಬ ಪುಟ್ಟ ಊರಿನಲ್ಲಿ ಬೆಳೆದು, ಅಲ್ಲಿಯ ಕಾಲೇಜಿನಲ್ಲೇ ಓದಿದರು. ಟ್ರಾನ್ಸಿಸ್ಟರ್ ಸುದ್ದಿ 1948ರಲ್ಲಿ ಹೊರಬಿದ್ದಾಗ ಅಲ್ಲಿಯ ಭೌತಶಾಸ್ತ್ರದ ಪ್ರೊಫೆಸರ್ ಗ್ರಾಂಟ್ ಗೇಲ್ ಬಹಳ ಆಸೆಪಟ್ಟು ಅದನ್ನು ತಮ್ಮ ವಿದ್ಯಾರ್ಥಿಗಳ ಪಾಠಕ್ಕೆ ತಂದರು. ಆ ಪಾಠ ಕೇಳಿದ ಹುಡುಗ ಮುಂದೆ ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿದ, 1968ರಲ್ಲಿ ಇಂಟೆಲ್ ಕಟ್ಟಿದವರಲ್ಲಿ ಒಬ್ಬನಾದ. ಸಣ್ಣ ಊರಿಗೆ ಹೋದರೆ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಗೇಲ್ ಮೇಷ್ಟ್ರ ನೆನಪಾಗುತ್ತದೆ.

ಇನ್ನೊಬ್ಬರ ಪ್ರಶ್ನೆ:
ಮೇಡಂ, ನನ್ನ ಮಗ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡುವುದು) ಇದ್ದಾನೆ, ಗ್ರೀನ್ ಕಾರ್ಡಿನ ಮೊದಲ ಹಂತಗಳಲ್ಲಿ ಒಂದಾದ ನಮ್ಮ ಐ-140 ಅರ್ಜಿ ಮಂಜೂರಾಗಿದೆ. ಅವನಿಗೆ ಸಿಗಬಹುದೇ?

ಉತ್ತರ:
ಸಿಗುವುದಿಲ್ಲ. ನಾಯ್ಸ್‌ಗೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕೇ ಬೇಕು. ಟೀಚ್ ಗ್ರ್ಯಾಂಟಿಗೂ ಎಚ್-4 ನಡೆಯುವುದಿಲ್ಲ. ಗ್ರೀನ್ ಕಾರ್ಡಿನ ಸರದಿಯಲ್ಲಿ ಕಾಯುತ್ತಿರುವ ಮಕ್ಕಳಿಗೆ ಈ ಮಾತು ಹೇಳುವಾಗ ನನಗೆ ಪ್ರತಿಸಲ ಸಂಕಟವಾಗುತ್ತದೆ. ಕಾಲೇಜಿನದೇ ಸ್ವಂತ ಮೆರಿಟ್ ಸ್ಕಾಲರ್‌ಶಿಪ್‌ಗಳಿಗೆ ಕೆಲವೆಡೆ ವೀಸಾ ಅಡ್ಡ ಬರುವುದಿಲ್ಲ, ಅವುಗಳನ್ನು ವಿಚಾರಿಸಿ.

ಮತ್ತೊಬ್ಬರ ಪ್ರಶ್ನೆ:
ನನಗೆ 44. ಭಾರತದಲ್ಲಿ ಎಂಎಸ್ಸಿ ಫಿಸಿಕ್ಸ್ ಮಾಡಿ ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿದ್ದೆ. ಈಗ ಸಿಟಿಜನ್. ನನ್ನಂಥವರಿಗೂ ದಾರಿ ಇದೆಯೇ?

ಉತ್ತರ:
ಖಂಡಿತ ಇದೆ ಸರ್. ವಿಜ್ಞಾನದ ಡಿಗ್ರಿ ಇದ್ದು ಬೇರೆ ಕೆಲಸದಲ್ಲಿರುವವರನ್ನು ಟೀಚರ್ ಮಾಡುವುದೂ ನಾಯ್ಸ್‌ನ ಉದ್ದೇಶವೇ. ಲೈಸೆನ್ಸಿಗೆ ಓದುವ ಒಂದು ವರ್ಷಕ್ಕೆ ಹಣ, ಆಮೇಲೆ ಎರಡು ವರ್ಷ ಪಾಠ. ನಿಮ್ಮ ಅಂಕಪಟ್ಟಿಗಳನ್ನು ಇಲ್ಲಿಯ ಡಿಗ್ರಿಗೆ ಸಮ ಎಂದು ಮೌಲ್ಯಮಾಪನ ಮಾಡಿಸಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ, ಇವತ್ತೇ ಶುರುಮಾಡಿ. ಫಿಸಿಕ್ಸ್ ಓದಿದವರನ್ನು ಹಳ್ಳಿ ಕಡೆಯ ಶಾಲೆಗಳು ಹುಡುಕುತ್ತಲೇ ಇರುತ್ತವೆ. ಆದರೆ ಕೆಲಸ ಬಿಡುವ ಮುಂಚೆ ಯಾವುದಾದರೂ ಶಾಲೆಯಲ್ಲಿ ಒಂದು ವಾರ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಸಂಬಳ ಅರ್ಧಕ್ಕಿಂತ ಕೆಳಗೆ ಇಳಿಯಬಹುದು, ಮನೆಯಲ್ಲಿ ಆ ಲೆಕ್ಕ ಮೊದಲೇ ಮಾತಾಡಿಕೊಳ್ಳಿ.

ಮೊದಲು ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ. ಯಜಮಾನರು ಎರಡು ಸಲ ಓದಿದರು. ಮಗಳು ಶುಕ್ರವಾರ ಕೋಆರ್ಡಿನೇಟರನ್ನು ನೋಡಲು ಹೋಗುತ್ತಾಳೆ. ಏನು ಕೇಳಬೇಕು?

ಉತ್ತರ:
ಎಲ್ಲಕ್ಕಿಂತ ಮೊದಲು, ಕಾಲೇಜಿನ ಅನುದಾನ ಯಾವ ವರ್ಷದವರೆಗೆ ಇದೆ ಎಂದು ಕೇಳಲಿ. 2025ರಲ್ಲಿ ಎನ್‌ಎಸ್‌ಎಫ್‌ನ ಹಲವು ಶಿಕ್ಷಣ ಅನುದಾನಗಳು ಅರ್ಧದಲ್ಲೇ ರದ್ದಾದವು. ನಾಲ್ಕನೇ ವರ್ಷದ ಹಣ ನಿಂತುಹೋದರೆ ಋಣ ಎಷ್ಟು ಉಳಿಯುತ್ತದೆ ಎನ್ನುವುದಕ್ಕೆ ಇಮೇಲಿನಲ್ಲಿ ಉತ್ತರ ಬೇಕು, ಬಾಯಿಮಾತು ಬೇಡ. ಮೊದಲ ವರ್ಷದ ಪಾಠಕ್ಕೆ ಮಾರ್ಗದರ್ಶನ ಮಾಡುವ ಹಿರಿಯ ಟೀಚರ್ ಯಾರನ್ನಾದರೂ ಕೊಡುತ್ತಾರಾ, ಹಿಂದಿನ ಬ್ಯಾಚಿನವರು ಯಾವ ಯಾವ ಡಿಸ್ಟ್ರಿಕ್ಟಿನಲ್ಲಿ ಕೆಲಸ ಮಾಡುತ್ತಿದ್ದಾರೆ, ಅದನ್ನೂ ಕೇಳಲಿ. ಅವರಲ್ಲಿ ಒಬ್ಬರ ಜೊತೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರೆ ನಾನು ಇಲ್ಲಿ ಬರೆದದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಒಪ್ಪಂದಕ್ಕೆ ಅಲ್ಲೇ ಸಹಿ ಹಾಕುವುದು ಬೇಡ, ಮನೆಗೆ ತರಲಿ. ಓದುವಾಗ ಏನಾದರೂ ಅರ್ಥವಾಗದಿದ್ದರೆ ಆ ಸಾಲನ್ನು ಇಲ್ಲೇ ಹಾಕಿ, ಶನಿವಾರ ನಾನು ನೋಡುತ್ತೇನೆ.