ಹೊರದೇಶದ ವಿದ್ಯಾರ್ಥಿಗಳಿಗೆ ಸಲಹೆಗಾರರಾಗುವುದು ಹೇಗೆ? ಹಾಸನದ ಗ್ರೂಪಿನಲ್ಲಿ ಬಂದ ಪ್ರಶ್ನೆಗಳು

ಪ್ರಶ್ನೆ (ಚನ್ನರಾಯಪಟ್ಟಣದ ವಿದ್ಯಾರ್ಥಿನಿ): ನಮಸ್ತೆ ಮೇಡಂ. ನಾನು ಹಾಸನದಲ್ಲಿ ಎಂಎಸ್‌ಡಬ್ಲ್ಯೂ (ಸೋಷಿಯಲ್ ವರ್ಕ್‌ನಲ್ಲಿ ಸ್ನಾತಕೋತ್ತರ ಪದವಿ) ಕೊನೆಯ ವರ್ಷ ಓದುತ್ತಿದ್ದೇನೆ. ನೀವು ಯೂನಿವರ್ಸಿಟಿಯಲ್ಲಿ ಪಾಠದ ಜೊತೆಗೆ ಹೊರದೇಶದ ವಿದ್ಯಾರ್ಥಿಗಳ ಸಲಹೆಗಾರರಾಗಿಯೂ ಇದ್ದೀರಿ ಅಂತ ಗೊತ್ತಾಯಿತು. ನನಗೂ ಇದೇ ಕೆಲಸ ಇಷ್ಟ. ಮನೆಯಲ್ಲಿ ಹೇಳಿದರೆ "ವೀಸಾ ಏಜೆಂಟ್ ಕೆಲಸಾನಾ?" ಅಂತ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಅದಲ್ಲ ಅಂತ ಧೈರ್ಯವಾಗಿ ಹೇಳಮ್ಮ. ಏಜೆಂಟರಿಗೆ ಹೆಚ್ಚಾಗಿ ಕಮಿಷನ್ ಬರುವುದು ಸೀಟು ಕೊಟ್ಟ ಕಾಲೇಜಿನಿಂದ. ಹುಡುಗ ವಿಮಾನ ಹತ್ತಿದರೆ ಅವರ ಕೆಲಸ ಮುಗಿಯಿತು. ನಮ್ಮ ಕೆಲಸ ಅವನು ವಿಮಾನ ಇಳಿದ ಮೇಲೆ ಶುರುವಾಗುತ್ತದೆ.

ಕಾಗದಪತ್ರ ಇದ್ದೇ ಇರುತ್ತದೆ. 180 ದಿನಕ್ಕಿಂತ ಜಾಸ್ತಿ ಅವಧಿಯ ವಿದ್ಯಾರ್ಥಿ ವೀಸಾದಲ್ಲಿ ಬಂದವರು 14 ದಿನದೊಳಗೆ ಹೆಸರು ನೋಂದಾಯಿಸಬೇಕು. ಬೆಂಗಳೂರಿನಲ್ಲಿ ಅದಕ್ಕೆ ಎಫ್‌ಆರ್‌ಆರ್‌ಓ ಅನ್ನುವ ವಿದೇಶಿಯರ ನೋಂದಣಿ ಕಚೇರಿ ಇದೆ, ಹಾಸನದಂಥ ಜಿಲ್ಲೆಯಲ್ಲಿ ಎಸ್‌ಪಿ ಕಚೇರಿ ನೋಡಿಕೊಳ್ಳುತ್ತದೆ. ಆಮೇಲೆ ಬ್ಯಾಂಕ್ ಖಾತೆ, ಸಿಮ್, ಹಾಸ್ಟೆಲ್. ಇದನ್ನೆಲ್ಲ ಕೆಲವೇ ತಿಂಗಳಲ್ಲಿ ಕಲಿಯಬಹುದು.

ಕಷ್ಟ ಇರುವುದು ಬೇರೆ ಕಡೆ. ಒಬ್ಬ ಹುಡುಗ ಕ್ಲಾಸಿಗೆ ಬರುತ್ತಿಲ್ಲ ಅಂದುಕೊಳ್ಳಿ. ಮೇಷ್ಟ್ರು ಸೋಮಾರಿ ಅನ್ನುತ್ತಾರೆ. ಕೂರಿಸಿಕೊಂಡು ಮಾತಾಡಿದರೆ ಬೇರೆಯೇ ಕಥೆ. ಅವನ ಊರಲ್ಲಿ ಪಾಠದ ಮಧ್ಯೆ ಪ್ರಶ್ನೆ ಕೇಳುವುದು ಒಳ್ಳೆಯ ವಿದ್ಯಾರ್ಥಿಯ ಲಕ್ಷಣ. ಇಲ್ಲಿ ಕೇಳಿದಾಗ ಎಲ್ಲರ ಮುಂದೆ ಬೈಸಿಕೊಂಡಿದ್ದಾನೆ. ಇನ್ನೊಬ್ಬಳು ಎಲ್ಲದಕ್ಕೂ ತಲೆಯಾಡಿಸುತ್ತಾಳೆ, ಅರ್ಥ ಆಗಿರುವುದಿಲ್ಲ. ದೊಡ್ಡವರಿಗೆ ಅರ್ಥವಾಗಲಿಲ್ಲ ಅನ್ನುವುದು ಅವಳಿಗೆ ಮರ್ಯಾದೆಯಲ್ಲ. ಎರಡೂ ಕಡೆಯವರು ಅವರವರ ಲೆಕ್ಕದಲ್ಲಿ ಸರಿಯಾಗಿಯೇ ನಡೆದುಕೊಂಡಿರುತ್ತಾರೆ. ಇದನ್ನು ಹುಡುಗನಿಗೂ ಹೇಳಬೇಕು, ಮೇಷ್ಟ್ರಿಗೂ ಹೇಳಬೇಕು. ಮೇಷ್ಟ್ರಿಗೆ ಹೇಳುವುದೇ ಜಾಸ್ತಿ ಕಷ್ಟ! ನನ್ನ ಪ್ರಕಾರ ಈ ಕೆಲಸದ ತಿರುಳು ಅಲ್ಲಿದೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಇದು ಅನುಭವದಿಂದ ಬರುವಂಥದ್ದು ಅಲ್ವಾ ಮೇಡಂ? ಪಿಎಚ್‌ಡಿಯನ್ನೂ ಮಾಡಿ ಅಂತ ನೀವು ಹೇಳುತ್ತೀರಿ, ಅದು ಯಾಕೆ ಬೇಕು?

ಉತ್ತರ: ಎರಡೂ ಬೇಕು. ಅನುಭವ ಮಾತ್ರ ಇದ್ದರೆ ನಮಗೆ ಕಂಡಿದ್ದೇ ಸತ್ಯ ಅನ್ನಿಸಿಬಿಡುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಲಿಸ್‌ಗಾರ್ಡ್ ಅನ್ನುವ ಸಮಾಜಶಾಸ್ತ್ರಜ್ಞರು 1955ರಲ್ಲಿ, ಫುಲ್‌ಬ್ರೈಟ್ ಅನ್ನುವ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿಬಂದ ನಾರ್ವೆಯ ವಿದ್ವಾಂಸರ ಬಗ್ಗೆ ಬರೆದರು. ಹೋದ ಹೊಸತರಲ್ಲಿ ಖುಷಿ, ಕೆಲವು ತಿಂಗಳಾದ ಮೇಲೆ ಕುಗ್ಗುವುದು, ಆಮೇಲೆ ಮತ್ತೆ ಚೇತರಿಕೆ ಅಂದರು. ಎಲ್ಲರೂ ಅದನ್ನೇ ನಂಬಿದರು. 1998ರಲ್ಲಿ ಕಾಲೀನ್ ವಾರ್ಡ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ನ್ಯೂಜಿಲೆಂಡಿನಲ್ಲಿದ್ದ ಜಪಾನಿ ವಿದ್ಯಾರ್ಥಿಗಳನ್ನು ನೋಡಿದಾಗ ಕಂಡಿದ್ದೇ ಬೇರೆ. ಬಂದ ಹೊಸತರಲ್ಲೇ ಸಂಕಟ ಎಲ್ಲಕ್ಕಿಂತ ಜಾಸ್ತಿ ಇತ್ತು. ಹಳೆಯದನ್ನೇ ನಂಬಿ ಕೂತರೆ, ಮೊದಲ ವಾರ ಹುಡುಗರು ಖುಷಿಯಾಗಿದ್ದಾರೆ ಅಂತ ಸುಮ್ನೆ ಬಿಟ್ಟುಬಿಡುತ್ತೇವೆ. ನಿಜವಾಗಿ ಅವರ ಜೊತೆ ಯಾರಾದರೂ ಇರಬೇಕಾದದ್ದು ಆ ವಾರವೇ.

ಇನ್ನೊಂದು ಕಾರಣವೂ ಇದೆ. ನಮ್ಮ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಹೊಣೆಯನ್ನು ಸಾಮಾನ್ಯವಾಗಿ ಒಬ್ಬ ಪ್ರಾಧ್ಯಾಪಕರಿಗೇ ವಹಿಸುತ್ತಾರೆ. ಹೊರದೇಶದ ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅವರಿಗಾಗಿಯೇ ಒಂದು ಕಚೇರಿ ಇರಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. 2021ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಅದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿದೆ. ಖಾಸಗಿ ಕಡೆ ಪೂರ್ತಿ ಸಮಯದ ಹುದ್ದೆ ಸಿಗುತ್ತದೆ, ಆದರೆ ಎಷ್ಟೋ ಕಡೆ ಕಾಂಟ್ರಾಕ್ಟ್. ಪಾಠ ಮಾಡುವ ಅರ್ಹತೆ ಕೈಯಲ್ಲಿದ್ದರೆ ಕಾಲು ಗಟ್ಟಿ.

ನೀವು ಸೋಷಿಯಲ್ ವರ್ಕ್‌ನಲ್ಲೇ ನೆಟ್, ಅಂದರೆ ಕಾಲೇಜಿನಲ್ಲಿ ಪಾಠ ಮಾಡುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಬರೆಯಿರಿ. ಜನರಲ್‌ನವರಿಗೆ ಎಂಎಸ್‌ಡಬ್ಲ್ಯೂನಲ್ಲಿ 55 ಪರ್ಸೆಂಟ್ ಬೇಕು, ಮೀಸಲಾತಿ ಇದ್ದವರಿಗೆ 50. 2024ರಿಂದ ಪಿಎಚ್‌ಡಿ ಸೀಟಿಗೂ ನೆಟ್ ಅಂಕ ಲೆಕ್ಕಕ್ಕೆ ಬರುತ್ತದೆ. ಪಿಎಚ್‌ಡಿಗೆ ದೆಹಲಿಯ ನೀಪಾ (ಶಿಕ್ಷಣ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆ), ಮುಂಬೈನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಎರಡನ್ನೂ ನೋಡಿ. ಆದರೆ ಪಿಎಚ್‌ಡಿಗೆ ಮೊದಲು ಇಂಥ ಒಂದು ಕಚೇರಿಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಅನ್ನುವುದು ನನ್ನ ಆಸೆ. ಸಂಶೋಧನೆಯ ಪ್ರಶ್ನೆ ಅಲ್ಲಿ ಹುಟ್ಟುತ್ತದೆ.

ಪ್ರಶ್ನೆ (ಅರಕಲಗೂಡಿನ ತಂದೆ): ಮೇಡಂ, ಮಗ ಅಮೆರಿಕದಲ್ಲಿ ಎಜುಕೇಶನ್‌ನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಾನೆ. ಅಲ್ಲೇ ಈ ಕೆಲಸ ಸಿಗಬಹುದಾ?

ಉತ್ತರ: ಸಿಗಬಹುದು ಸರ್, ಒಂದು ವಿಷಯ ಅವನಿಗೆ ಈಗಲೇ ತಿಳಿಸಿ. ಅಲ್ಲಿ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರಿಗೆ ಕಾಲೇಜು ಕೊಡುವ ಐ-20 ಪತ್ರಕ್ಕೆ ಸಹಿ ಹಾಕುವ ಅಧಿಕಾರಿಗೆ ಡಿಎಸ್‌ಓ ಅನ್ನುತ್ತಾರೆ. ಆ ಹುದ್ದೆಗೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇರಲೇಬೇಕು. ಹಾಗಾಗಿ ವೀಸಾದಲ್ಲಿರುವವರು ಓರಿಯೆಂಟೇಶನ್, ಓದಿನ ಸಲಹೆ, ವಿನಿಮಯ ಕಾರ್ಯಕ್ರಮ, ಇಂಥ ಕಡೆ ಪ್ರಯತ್ನಿಸಬೇಕು. ಕ್ಯಾಂಪಸ್ ಕೆಲಸಕ್ಕೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಆ ಗಂಟೆಗಳನ್ನು ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲೇ ಕಳೆಯಲು ಹೇಳಿ. 1948ರಲ್ಲಿ ಶುರುವಾದ ನಾಫ್ಸಾ ಈ ವೃತ್ತಿಯವರದೇ ಸಂಘ, ಅದರ ಸದಸ್ಯನಾಗಲಿ.

ಪ್ರಶ್ನೆ (ಸಕಲೇಶಪುರದಿಂದ): ಅಕ್ಕ, ನಮ್ಮ ಕಡೆ ಹೊರದೇಶದವರೇ ಇಲ್ಲ. ಕಲಿಯಲು ಶುರು ಮಾಡುವುದು ಎಲ್ಲಿಂದ?

ಉತ್ತರ: ನಿಮ್ಮ ಊರಿನಿಂದಲೇ. ಸುತ್ತಲಿನ ಕಾಫಿ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳಿವೆ. ಅವರ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಜೊತೆಗೆ ಹೋಗಿ. ತಾಯಿ ಯಾವುದಕ್ಕೆ ಹೆದರುತ್ತಾಳೆ, ಹೆಡ್‌ಮಾಸ್ಟರ್ ಯಾವುದನ್ನು ತಪ್ಪು ತಿಳಿಯುತ್ತಾರೆ, ಎರಡನ್ನೂ ಬರೆದಿಡಿ. ಹಾಸನದ ಮೆಡಿಕಲ್ ಕಾಲೇಜಿಗೆ ಅಖಿಲ ಭಾರತ ಕೋಟಾದಲ್ಲಿ ಬೇರೆ ರಾಜ್ಯದ ಮಕ್ಕಳು ಬರುತ್ತಾರೆ. ಆಸ್ಪತ್ರೆಯಲ್ಲಿ ರೋಗಿಗಳು ಮಾತಾಡುವುದು ಕನ್ನಡ, ಇವರಿಗೆ ಅದು ಬರುವುದಿಲ್ಲ. ಅವರ ಮೊದಲ ವರ್ಷ ಹೇಗೆ ಹೋಗುತ್ತದೆ ಅನ್ನುವುದೇ ಒಳ್ಳೆಯ ಸಂಶೋಧನಾ ವಿಷಯ. ಮುಂದಿನ ಬ್ಯಾಚ್ ಬರುವ ಮೊದಲು ಕಾಲೇಜಿನವರ ಅನುಮತಿ ಕೇಳಿ. ಒಪ್ಪಿದರೆ ನನಗೆ ಇಲ್ಲೇ ತಿಳಿಸಿ, ಪ್ರಶ್ನಾವಳಿಯನ್ನು ಒಟ್ಟಿಗೆ ಕೂತು ಮಾಡೋಣ.